ನೀವು ಕೇಳಿದಿರಿ: ಬೇಟೆಯ ಪ್ರಾಣಿ ಮೌಂಟ್ ಆಗುವ ಮುನ್ನ

ಟ್ಯಾಕ್ಸಿಡರ್ಮಿ, ಅಂದರೆ ಸತ್ತ ಪ್ರಾಣಿಯ ತೊಗಲನ್ನು ಜೀವಂತದಂತೆ ಕಾಣುವ ಹಾಗೆ ಕೂರಿಸುವ ಕೆಲಸದ ಬಗ್ಗೆ ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದಾಗ ಒಂದು ಮಾತು ಮತ್ತೆ ಮತ್ತೆ ಕಂಡಿತು. ಗಾಜಿನ ಕಣ್ಣು, ಫಾರ್ಮ್ (ತೊಗಲು ಹೊದಿಸುವ ಪ್ರಾಣಿಯಾಕಾರದ ಅಚ್ಚು), ಬಣ್ಣ ಎಲ್ಲ ಸರಿಯಾಗಿದ್ದರೂ ಮೌಂಟ್ (ಹಾಗೆ ಸಿದ್ಧವಾದ ಪ್ರಾಣಿ) ಕೆಟ್ಟಿದೆ, ಯಾಕೆ ಎನ್ನುವುದೇ ಹೆಚ್ಚಿನವರ ಪ್ರಶ್ನೆ. ಆ ಕೆಡುಕು ಬಹುಪಾಲು ಪ್ರಾಣಿ ಬಿದ್ದ ಮೊದಲ ದಿನದಲ್ಲೇ ಶುರುವಾಗಿರುತ್ತದೆ. ಹಾಗಾಗಿ ತೊಗಲು ಟ್ಯಾಕ್ಸಿಡರ್ಮಿಸ್ಟ್ ಕೈ ಸೇರುವವರೆಗಿನ ಕೆಲಸಕ್ಕೇ ಈ ಸಲದ ಅಂಕಣ ಮೀಸಲು. ಇಲ್ಲಿ ಹೇಳುವುದೆಲ್ಲ ಬೇಟೆಗೆ ಕಾನೂನು ಅವಕಾಶ ಕೊಟ್ಟಿರುವ ಕಡೆ, ಪರವಾನಗಿ ಪಡೆದು ಹೊಡೆದ ಪ್ರಾಣಿಗೆ ಮಾತ್ರ ಅನ್ವಯ.

ಪ್ರಶ್ನೆ: ಭುಜದವರೆಗಿನ ಮೌಂಟ್ ಮಾಡಿಸಲು ಜಿಂಕೆಯ ತೊಗಲು ಕೊಟ್ಟಿದ್ದೆ. ಹದ ಮಾಡುವಾಗ ಕಿವಿ, ಕೆನ್ನೆಯ ಕೂದಲು ಹಿಡಿಹಿಡಿಯಾಗಿ ಕಿತ್ತು ಬಂತಂತೆ. ಕೊಟ್ಟಾಗ ಚೆನ್ನಾಗಿಯೇ ಇತ್ತು. ತಪ್ಪು ಹದ ಮಾಡಿದವರದಲ್ಲವೇ?

ಹೆಚ್ಚಿನ ಸಲ ಅಲ್ಲ. ತೊಗಲಿನಲ್ಲಿ ಮುಖ್ಯವಾಗಿ ಎರಡು ಪದರ. ಮೇಲಿನದು ತೆಳುವಾದ ಹೊರಚರ್ಮ, ಕೆಳಗಿನದು ದಪ್ಪನೆಯ ಒಳಚರ್ಮ. ಕೂದಲ ಬುಡ ಒಳಚರ್ಮದ ಆಳಕ್ಕೆ ಇಳಿದಿದ್ದರೂ ಬುಡದ ಸುತ್ತಲಿನ ಚೀಲ ಹೊರಚರ್ಮದ್ದೇ ಮುಂದುವರಿಕೆ. ಪ್ರಾಣ ಹೋದ ಕೂಡಲೇ ಬ್ಯಾಕ್ಟೀರಿಯಾಗಳು ಮತ್ತು ದೇಹದ್ದೇ ಕಿಣ್ವಗಳು ಈ ಎರಡು ಪದರಗಳ ನಡುವಿನ ಹಿಡಿತವನ್ನು ಕರಗಿಸತೊಡಗುತ್ತವೆ. ಅದಕ್ಕೆ ಬೇಕಾದದ್ದು ಬೆಚ್ಚಗಿನ ಮೈ ಮತ್ತು ತೇವ, ಎರಡೇ. ಹಿಡಿತ ಸಡಿಲಾದರೂ ಕೂದಲು ತಕ್ಷಣ ಉದುರುವುದಿಲ್ಲ. ಒಣಗಿದ ತೊಗಲಿನಲ್ಲಿ ಅಲ್ಲೇ ಅಂಟಿಕೊಂಡಿರುತ್ತದೆ. ನೆನೆಹಾಕಿ ಆಮ್ಲದ ನೀರಿಗೆ ಇಳಿಸಿದಾಗ ಬಿಡುತ್ತದೆ. ಕೊಟ್ಟಾಗ ಚೆನ್ನಾಗಿತ್ತು ಎಂದು ನಿಮಗೆ ಅನ್ನಿಸಿದ್ದು ಇದರಿಂದಲೇ.

ಕಿವಿ, ಕಣ್ಣಂಚು, ತುಟಿ, ಹೊಟ್ಟೆಯಡಿ, ತೊಡೆಸಂದು, ಇಲ್ಲಿ ಮೊದಲು ಕೆಡುತ್ತದೆ. ಕಿವಿಯ ವಿಷಯ ಇನ್ನೂ ಸೂಕ್ಷ್ಮ. ಎರಡು ತೊಗಲುಗಳ ನಡುವೆ ಮೃದ್ವಸ್ಥಿ ಇರುವುದರಿಂದ ಅದನ್ನು ಬಿಡಿಸದೆ ಉಪ್ಪು ಹಾಕಿದರೆ ಉಪ್ಪು ಒಳಗೆ ತಲುಪುವುದೇ ಇಲ್ಲ.

ನೀವೇ ಪರೀಕ್ಷಿಸಬಹುದು. ಅನುಮಾನವಿರುವ ಜಾಗದಲ್ಲಿ ಏಳೆಂಟು ಕೂದಲನ್ನು ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಒಂದೆರಡು ಬಂದರೆ ಚಿಂತೆಯಿಲ್ಲ. ಗೊಂಚಲಾಗಿ ಬಂದು, ಬುಡದಲ್ಲಿ ಈರುಳ್ಳಿಯ ಪೊರೆಯಂಥ ತೆಳು ಚರ್ಮವೂ ಅಂಟಿಕೊಂಡಿದ್ದರೆ ಆ ಜಾಗ ಹೋಯಿತು. ಸರಿಪಡಿಸುವ ಔಷಧಿ ಇಲ್ಲ. ಇನ್ನಷ್ಟು ಹಬ್ಬದಂತೆ ತಕ್ಷಣ ಉಪ್ಪು ಹಾಕಬಹುದು, ಅಷ್ಟೇ. ಅಂಥ ತೊಗಲನ್ನು ಹದಕ್ಕೆ ಕೊಡುವಾಗ ವಿಷಯ ಮುಚ್ಚಿಡಬೇಡಿ. ಹೇಳಿದರೆ ಅವರು ಆ ಭಾಗವನ್ನು ಕಡಿಮೆ ಉಜ್ಜುತ್ತಾರೆ, ಇಲ್ಲವೆ ಬೇರೆ ತೊಗಲು ಬಳಸಲು ಸೂಚಿಸುತ್ತಾರೆ.

ಪ್ರಶ್ನೆ: ಹಾಗಾದರೆ ಪ್ರಾಣಿ ಬಿದ್ದ ಮೇಲೆ ಎಷ್ಟು ಹೊತ್ತು ಸಮಯವಿದೆ?

ಹವೆ ತಣ್ಣಗಿದ್ದು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಒಂದು ರಾತ್ರಿ ತೂಗುಹಾಕಿದರೂ ನಡೆದೀತು. 20 ಡಿಗ್ರಿ ದಾಟಿದ್ದರೆ ಗಂಟೆಗಳ ಲೆಕ್ಕ: ಹೊಟ್ಟೆ ಬಗೆಯುವುದು ಕೂಡಲೇ, ತೊಗಲು ಬಿಡಿಸುವುದು ಅದರ ಹಿಂದೆಯೇ. ಗಾಯಗೊಂಡ ಪ್ರಾಣಿ ರಾತ್ರಿಯಿಡೀ ಬೆಚ್ಚಗಿನ ಹವೆಯಲ್ಲಿ ಬಿದ್ದಿದ್ದು ಬೆಳಿಗ್ಗೆ ಸಿಕ್ಕಿದ್ದರೆ ಕೊಂಬು, ಬುರುಡೆ ಉಳಿಸಿಕೊಳ್ಳಿ, ತೊಗಲಿನ ಆಸೆ ಬಿಡಿ.

ತಣ್ಣಗಾಗಿಸಲು ಐಸ್ ಬಳಸುವವರು ಮಾಡುವ ಒಂದು ತಪ್ಪೆಂದರೆ ಕರಗಿದ ನೀರಿನಲ್ಲಿ ತೊಗಲು ನೆನೆಯಲು ಬಿಡುವುದು. ಮುಚ್ಚಳ ಬಿಗಿದ ಬಾಟಲಿಗಳಲ್ಲಿ ನೀರು ಹೆಪ್ಪುಗಟ್ಟಿಸಿ ಎದೆಗೂಡಿನ ಒಳಗಿಡಿ. ಬಿಸಿಯಾಗಿರುವ ತೊಗಲನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಾರಿನ ಡಿಕ್ಕಿಯಲ್ಲಿಡುವುದಂತೂ ಬೇಡವೇ ಬೇಡ. ಮೈಯ ಕಾವು ಹೊರಹೋಗದೆ ಒಳಗೇ ಬೆವರಿ ತೊಗಲು ಕೊಳೆಯುತ್ತದೆ. ಮೊದಲು ನೆರಳಲ್ಲಿ ಹರಡಿ ಆರಿಸಿ, ಆಮೇಲೆ ಚೀಲ.

ಎಳೆದುಕೊಂಡು ಬರುವಾಗಲೂ ಎಚ್ಚರ. ಜಿಂಕೆಯ ಕೂದಲು ಒಳಗೆ ಟೊಳ್ಳು, ಉಜ್ಜಿದರೆ ಮುರಿಯುತ್ತದೆ. ಕಲ್ಲುನೆಲದ ಮೇಲೆ ಸ್ವಲ್ಪ ದೂರ ಎಳೆದರೂ ಒಂದು ಭುಜ ಬೋಳಾಗಬಹುದು. ಹೊತ್ತು ತನ್ನಿ, ಇಲ್ಲವೆ ಟಾರ್ಪಾಲಿನ ಮೇಲೆ ತಲೆ ಮುಂದಾಗಿ ಎಳೆಯಿರಿ. ಕುತ್ತಿಗೆಗೆ ಹಗ್ಗ ಬಿಗಿಯಬೇಡಿ, ಆ ಗುರುತು ಮೌಂಟಿನಲ್ಲೂ ಉಳಿಯುತ್ತದೆ. ರಕ್ತ ತಾಗಿದ ಬಿಳಿ ಕೂದಲನ್ನು ಅಲ್ಲೇ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬಿಸಿನೀರು ಸೋಕಿದರೆ ಕಲೆ ಗಟ್ಟಿಯಾಗುತ್ತದೆ.

ಪ್ರಶ್ನೆ: ಭುಜದ ಮೌಂಟ್‌ಗೆ ತೊಗಲನ್ನು ಎಲ್ಲೆಲ್ಲಿ ಕತ್ತರಿಸಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಎಲ್ಲರೂ ಒಪ್ಪುವ ನಿಯಮದಿಂದ ಶುರು ಮಾಡೋಣ. ಗಂಟಲು ಕೊಯ್ಯಬಾರದು. ರಕ್ತ ಇಳಿಸಬೇಕೆಂದು ಗಂಟಲು ಸೀಳುವ ಹಳೆಯ ಅಭ್ಯಾಸದಿಂದ ಹಾಳಾದ ತೊಗಲುಗಳಿಗೆ ಲೆಕ್ಕವಿಲ್ಲ. ಗುಂಡು ಎದೆಗೆ ಬಿದ್ದಿದ್ದರೆ ರಕ್ತ ಆಗಲೇ ಒಳಗೆ ಹರಿದಿರುತ್ತದೆ, ಹೃದಯ ನಿಂತ ಮೇಲೆ ಗಂಟಲು ಕೊಯ್ದರೂ ಇಳಿಯುವುದು ಅಷ್ಟಕ್ಕಷ್ಟೇ. ಕೂದಲು ಚಿಕ್ಕದಾಗಿ, ಬಿಳಿಯಾಗಿ ಇರುವ ಗಂಟಲಿನ ಮುಂಭಾಗದಲ್ಲಿ ಹೊಲಿಗೆ ಹಾಕಿದರೆ ನೋಡುವವರ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ. ಹೊಟ್ಟೆ ಬಗೆಯುವಾಗ ಚಾಕು ಎದೆಮೂಳೆಯ ಕೆಳತುದಿಯಲ್ಲಿ ನಿಲ್ಲಬೇಕು. ಶ್ವಾಸನಾಳ ತೆಗೆಯಲು ಎದೆಗೂಡಿನ ಒಳಗಿನಿಂದಲೇ ತೋಳು ತೂರಿಸಿ ಕತ್ತರಿಸಿ.

ಈಗ ಗೆರೆಗಳು. ಮೊದಲನೆಯದು ಮೈಯ ಸುತ್ತ. ಮುಂಗಾಲಿನ ಹಿಂದಕ್ಕೆ ಕನಿಷ್ಠ ಒಂದು ಗೇಣು ಬಿಟ್ಟು, ಪಕ್ಕೆಲುಬುಗಳ ನಡುಮಧ್ಯೆ ಉಂಗುರದಂತೆ ಸುತ್ತಲೂ ಕೊಯ್ಯಿರಿ. ಭುಜದ ಹಿಂದೆಯೇ ಕೊಯ್ದು ತೊಗಲು ಗಿಡ್ಡವಾಯಿತೆಂದು ಕೊರಗುವವರು ಬಹಳ. ಉದ್ದ ಹೆಚ್ಚಾದರೆ ಕತ್ತರಿಸಿ ಎಸೆಯಬಹುದು, ಕಡಿಮೆಯಾದರೆ ಅಂಟಿಸಲಾಗದು. ಎರಡನೆಯದು ಮುಂಗಾಲುಗಳ ಸುತ್ತ, ಮೊಣಕಾಲಿಗೆ ತುಸು ಮೇಲೆ ಒಂದೊಂದು ಉಂಗುರ. ಮೂರನೆಯದು ಈ ಎರಡನ್ನೂ ಕೂಡಿಸುವ ಗೆರೆ. ಕಾಲಿನ ಹಿಂಬದಿಯಲ್ಲಿ, ಕಂದು ಕೂದಲೂ ಬಿಳಿ ಕೂದಲೂ ಸಂಧಿಸುವ ಕಡೆ ಮೇಲಕ್ಕೆ ಸೀಳಿ, ಕಂಕುಳ ದಾಟಿಸಿ, ಮೈಯ ಉಂಗುರಕ್ಕೆ ತಂದು ಸೇರಿಸಿ. ಈ ಗೆರೆ ಎದೆಯ ಮುಂಭಾಗಕ್ಕೆ ತಿರುಗಿದರೆ ಹೊಲಿಗೆ ಬಯಲಾಗುತ್ತದೆ. ಕೂದಲು ತುಂಡಾಗದಂತೆ ಚಾಕುವಿನ ಅಲಗು ಮೇಲ್ಮುಖವಾಗಿರಲಿ, ತೊಗಲಿನ ಒಳಗಿನಿಂದ ಹೊರಕ್ಕೆ ಸೀಳಿ.

ಅಭಿಪ್ರಾಯ ಬೇರೆಯಾಗುವುದು ಕತ್ತಿನ ಹಿಂಭಾಗದಲ್ಲಿ. ಬೆನ್ನಿನ ಉದ್ದಕ್ಕೂ ಉಂಗುರದಿಂದ ನೆತ್ತಿಯವರೆಗೆ ಸೀಳುವುದು ಹಳೆಯ ಕ್ರಮ. ಸುಲಿಯಲು ಸುಲಭ, ಆದರೆ ಹೊಲಿಗೆ ಉದ್ದ. ಈಗ ಹಲವರು ಇಷ್ಟಪಡುವುದು ಸೀಳದ ಕ್ರಮವನ್ನು. ಕಾಲುಚೀಲ ಕಳಚಿದಂತೆ ತೊಗಲನ್ನು ತಲೆಯ ಕಡೆಗೆ ಮಗುಚುತ್ತ ಎಳೆದು, ಕಿವಿಯ ಹಿಂದಿನವರೆಗೆ ಬಿಡಿಸಿ, ಅಲ್ಲಿ ಕುತ್ತಿಗೆಯನ್ನು ಕತ್ತರಿಸಿ ತಲೆಯನ್ನು ತೊಗಲಿನೊಳಗೇ ಬಿಟ್ಟು ಕೊಡುವುದು. ಕೊಂಬಿನ ಬುಡದ ಸಣ್ಣ ಸೀಳನ್ನು ಮೌಂಟ್ ಮಾಡುವವರೇ ನಂತರ ಮಾಡಿಕೊಳ್ಳುತ್ತಾರೆ. ಹೊಸಬರಿಗೆ ಈ ಎರಡನೆಯದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ. ತಲೆಯ ತೊಗಲು ಬಿಡಿಸುವಾಗಲೇ ಹೆಚ್ಚು ತೂತು ಬೀಳುವುದು, ಅದನ್ನು ಕೈ ಪಳಗಿದವರಿಗೆ ಬಿಟ್ಟಂತೆಯೂ ಆಗುತ್ತದೆ.

ಪ್ರಶ್ನೆ: ಟ್ಯಾಕ್ಸಿಡರ್ಮಿಸ್ಟ್ ತುಂಬ ದೂರ, ಫ್ರೀಜರೂ ಇಲ್ಲ. ತಲೆಯ ತೊಗಲನ್ನು ನಾವೇ ಬಿಡಿಸಬೇಕಾದರೆ?

ಆಗ ಮಾಡಲೇಬೇಕು. ಎರಡು ಗಂಟೆ ಬಿಡುವು ಮಾಡಿಕೊಂಡು, ಒಳ್ಳೆಯ ಬೆಳಕಿನಲ್ಲಿ, ಚಿಕ್ಕ ಅಲಗಿನ ಚೂಪಾದ ಚಾಕುವಿನಿಂದ ಕೆಲಸ ಶುರು ಮಾಡಿ. ಸ್ಕಾಲ್ಪೆಲ್ ಸಿಕ್ಕರೆ ಇನ್ನೂ ಒಳ್ಳೆಯದು.

ನೆತ್ತಿಯ ಹಿಂಭಾಗದಿಂದ ಮುಂದಕ್ಕೆ ಗೆರೆ ಎಳೆದು, ಎರಡು ಕೊಂಬುಗಳ ನಡುವೆ ಕವಲೊಡೆಸಿ ಒಂದೊಂದು ಕವಲನ್ನು ಒಂದೊಂದು ಕೊಂಬಿನ ಬುಡಕ್ಕೆ ಮುಟ್ಟಿಸಿ. ಕವೆಗೋಲಿನ ಆಕಾರ ಬರುತ್ತದೆ. ಕತ್ತಿನ ಕಡೆಗೆ ಹತ್ತು ಹನ್ನೆರಡು ಸೆಂಟಿಮೀಟರ್ ಸೀಳಿದರೆ ಸಾಕು. ಕೊಂಬಿನ ಬುಡದ ಸುತ್ತ ತೊಗಲು ಮೂಳೆಗೆ ಕಚ್ಚಿಕೊಂಡಿರುತ್ತದೆ. ಅಲ್ಲಿ ಚಾಕು ಬಿಟ್ಟು ಚಪ್ಪಟೆ ಬಾಯಿಯ ಸ್ಕ್ರೂಡ್ರೈವರಿನಿಂದ ಮೀಟಿ ಮೇಲೆಬ್ಬಿಸಿ. ಚಾಕುವಿನಲ್ಲಿ ಕತ್ತರಿಸಿದರೆ ಕೂದಲಿನ ಒಂದು ಉಂಗುರ ಕೊಂಬಿಗೇ ಉಳಿದುಬಿಡುತ್ತದೆ, ಆಮೇಲೆ ತೊಗಲು ಅಲ್ಲಿಗೆ ಮುಟ್ಟುವುದಿಲ್ಲ.

ಕಿವಿಯನ್ನು ಬುರುಡೆಗೆ ಒತ್ತಿ, ಮೃದ್ವಸ್ಥಿಯ ಬುಡದಲ್ಲಿ ಕತ್ತರಿಸಿ. ಮುಂದೆ ಕಣ್ಣು. ಎಡಗೈಯ ಒಂದು ಬೆರಳನ್ನು ಹೊರಗಿನಿಂದ ಕಣ್ಣುಗುಡ್ಡೆಯ ಮೇಲೆ, ರೆಪ್ಪೆಯ ಒಳಕ್ಕೆ ತೂರಿಸಿ ತೊಗಲನ್ನು ಮೆಲ್ಲಗೆ ಹೊರಕ್ಕೆ ಎತ್ತಿ ಹಿಡಿಯಿರಿ. ಚಾಕು ಎಲ್ಲಿದೆ ಎಂದು ಆ ಬೆರಳಿಗೇ ಗೊತ್ತಾಗುತ್ತದೆ. ಅಲಗು ಯಾವಾಗಲೂ ಕಣ್ಣುಕುಳಿಯ ಮೂಳೆಗೆ ತಾಗಿಯೇ ಸಾಗಬೇಕು. ಜಿಂಕೆಯ ಕಣ್ಣಿನ ಮುಂಮೂಲೆಯ ಕೆಳಗೆ ಒಂದು ಗ್ರಂಥಿಯ ಗುಳಿಯಿದೆ. ತೊಗಲು ಅಲ್ಲಿ ಮೂಳೆಯ ಗುಳಿಯೊಳಕ್ಕೆ ಇಳಿದಿರುತ್ತದೆ. ಅದು ಗೊತ್ತಿಲ್ಲದೆ ನೇರವಾಗಿ ಕೊಯ್ದವರು ಅಲ್ಲೊಂದು ತೂತು ಮಾಡುವುದು ಖಂಡಿತ. ಗುಳಿಯ ಆಳಕ್ಕೆ ಅಲಗಿನ ತುದಿ ಇಳಿಸಿ ತೊಗಲನ್ನು ಪೂರ್ತಿ ಕೆರೆದೆತ್ತಿ. ತುಟಿಯನ್ನು ವಸಡಿಗೆ ಅಂಟಿದಂತೆ ಕತ್ತರಿಸಿ, ಒಳತುಟಿ ತೊಗಲಿನ ಜೊತೆಗೇ ಬರಲಿ. ಮೌಂಟ್ ಮಾಡುವವರು ಆ ಒಳ ಅಂಚನ್ನು ಫಾರ್ಮಿನ ಬಾಯಿಯ ಸೀಳಿನೊಳಗೆ ಮಡಚಿ ಕೂರಿಸುತ್ತಾರೆ. ಅದಿಲ್ಲದಿದ್ದರೆ ಬಾಯಿ ಮುಚ್ಚುವುದೇ ಇಲ್ಲ. ಮೂಗನ್ನು ಹಿಂದಕ್ಕೆ ಸಾಕಷ್ಟು ಮೃದ್ವಸ್ಥಿ ಸೇರಿಸಿ ಕತ್ತರಿಸಿ.

ಸುಲಿದಾದ ಮೇಲೂ ಅರ್ಧ ಕೆಲಸ ಬಾಕಿ. ಕಿವಿಯನ್ನು ಒಳಹೊರಗು ಮಾಡಬೇಕು. ಬುಡದಿಂದ ಶುರು ಮಾಡಿ, ಚಮಚದ ಹಿಡಿಯಂಥ ಮೊಂಡು ಸಾಧನದಿಂದ ಕಿವಿಯ ಹಿಂಬದಿಯ ತೊಗಲನ್ನು ಮೃದ್ವಸ್ಥಿಯಿಂದ ಬಿಡಿಸುತ್ತ ತುದಿಯವರೆಗೆ ಹೋಗಿ, ಅಂಚಿಗೆ ಸುಮಾರು 3 ಮಿಲಿಮೀಟರ್ ಇರುವಾಗ ನಿಲ್ಲಿಸಿ. ಕೊನೆಗೆ ಕಿವಿ ಕೈಗವಸು ಮಗುಚಿದಂತೆ ತಿರುಗಿ ಬರುತ್ತದೆ. ಅವಸರ ಮಾಡಿದರೆ ಅಂಚು ಹರಿಯುತ್ತದೆ, ಅಂಚು ಹರಿದ ಕಿವಿ ಹೊಲಿದರೂ ಕಾಣುತ್ತದೆ. ತುಟಿಯ ಹೊರತೊಗಲು ಮತ್ತು ಒಳಪೊರೆಯ ನಡುವೆ ಅಲಗು ಆಡಿಸಿ ಪುಸ್ತಕದಂತೆ ಬಿಚ್ಚಿ. ಕಣ್ಣರೆಪ್ಪೆಯನ್ನೂ ಮೂಗಿನ ಹೊಳ್ಳೆಗಳನ್ನೂ ಹಾಗೆಯೇ ಬಿಚ್ಚಿ, ಮಾಂಸವೆಲ್ಲ ಕೆರೆದು ತೆಗೆಯಿರಿ. ಇಷ್ಟೆಲ್ಲ ಯಾಕೆಂದರೆ ಉಪ್ಪು ಮುಟ್ಟದ ಕಡೆ ಕೂದಲು ನಿಲ್ಲುವುದಿಲ್ಲ.

ಪ್ರಶ್ನೆ: ಯಾವ ಉಪ್ಪು, ಎಷ್ಟು? ಉಪ್ಪು ಹಾಕಿ ಫ್ರೀಜರಿನಲ್ಲಿಟ್ಟರೆ ಇನ್ನೂ ಭದ್ರವಲ್ಲವೇ?

ಎರಡನೆಯದಕ್ಕೆ ಮೊದಲು ಉತ್ತರ: ಉಪ್ಪು ಅಥವಾ ಫ್ರೀಜರ್, ಯಾವುದಾದರೂ ಒಂದು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಉಪ್ಪು ತುಂಬಿದ ದ್ರಾವಣ ಪೂರ್ತಿ ಹೆಪ್ಪುಗಟ್ಟಲು ಸುಮಾರು ಮೈನಸ್ 21 ಡಿಗ್ರಿ ಬೇಕು. ಮನೆಯ ಫ್ರೀಜರ್ ಇರುವುದು ಮೈನಸ್ 18ರ ಹತ್ತಿರ. ಹಾಗಾಗಿ ಉಪ್ಪು ಸವರಿ ಒಳಗಿಟ್ಟ ತೊಗಲು ಅತ್ತ ಒಣಗುವುದೂ ಇಲ್ಲ, ಇತ್ತ ಸರಿಯಾಗಿ ಹೆಪ್ಪುಗಟ್ಟುವುದೂ ಇಲ್ಲ. ತಿಂಗಳು ಕಳೆದು ತೆಗೆದಾಗ ಕೂದಲು ಬಿಡುತ್ತದೆ.

ಪುಡಿ ಉಪ್ಪೇ ಬೇಕು, ಅಯೋಡಿನ್ ಬೆರೆಸದ್ದು. ಕಲ್ಲುಪ್ಪಿನ ಹರಳುಗಳು ಎಲ್ಲ ಕಡೆ ಮುಟ್ಟುವುದಿಲ್ಲ, ಹರಳು ಹರಳಿನ ನಡುವಿನ ಜಾಗದಲ್ಲೇ ಕೊಳೆ ಶುರುವಾಗುತ್ತದೆ. ಅಳತೆ ಸರಳ: ಮಾಂಸ, ನೆಣ ಕೆರೆದ ಹಸಿ ತೊಗಲಿನ ತೂಕದಷ್ಟೇ ಉಪ್ಪು. ಮಧ್ಯಮ ಗಾತ್ರದ ಜಿಂಕೆಯ ಭುಜದವರೆಗಿನ ತೊಗಲಿಗೆ ಎರಡೂವರೆಯಿಂದ ಮೂರು ಕಿಲೋ ಹಿಡಿಯಬಹುದು. ಉಪ್ಪಿನಲ್ಲಿ ಜಿಪುಣತನ ಬೇಡ.

ತೊಗಲನ್ನು ಒಳಮೈ ಮೇಲಾಗಿ ಹಾಸಿ, ಅಂಗೈಯಿಂದ ಒತ್ತಿ ಉಜ್ಜಿ. ಅಂಚುಗಳು ಸುರುಳಿ ಸುತ್ತಿಕೊಂಡಿರುತ್ತವೆ, ಬಿಚ್ಚಿ ಉಜ್ಜಿ. ಮಗುಚಿದ ಕಿವಿಯ ಒಳಕ್ಕೂ ತುಂಬಿ. ಆಮೇಲೆ ಒಳಮೈಗೆ ಒಳಮೈ ಸೇರುವಂತೆ ಮಡಚಿ, ಸಡಿಲವಾಗಿ ಸುತ್ತಿ, ಇಳಿಜಾರಾದ ಹಲಗೆಯ ಮೇಲಿಡಿ. ಕಂದುಬಣ್ಣದ ನೀರು ಇಳಿಯತೊಡಗುತ್ತದೆ. ಆ ನೀರು ತೊಗಲಿನ ಕೆಳಗೆ ನಿಲ್ಲದೆ ಹರಿದುಹೋಗಬೇಕು. 24 ಗಂಟೆ ಬಿಟ್ಟು ಬಿಚ್ಚಿ, ಒದ್ದೆಯಾದ ಉಪ್ಪನ್ನೆಲ್ಲ ಕೊಡವಿ ಎಸೆದು, ಹೊಸ ಉಪ್ಪು ಉಜ್ಜಿ ಮತ್ತೊಂದು ದಿನ ಇಡಿ. ಹಳೆಯ ಉಪ್ಪನ್ನು ಮತ್ತೆ ಬಳಸಿದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ನಾವೇ ಹಂಚಿದಂತೆ. ನಂತರ ಉಪ್ಪು ಕೊಡವಿ ನೆರಳಲ್ಲಿ, ಗಾಳಿಯಾಡುವ ಕಡೆ ಹರಡಿ ಒಣಗಿಸಿ. ಪೂರ್ತಿ ಬಿರುಸಾಗಿ ಮಡಚಲಾಗದಂತಾಗುವ ಮೊದಲು, ಇನ್ನೂ ತುಸು ಬಗ್ಗುವಾಗಲೇ ಕಳಿಸುವ ಅಳತೆಗೆ ಮಡಚಿಕೊಳ್ಳಿ.

ಬಿಸಿಲಿಗೆ ಹಾಕಲೇಬೇಡಿ. ಹಸಿ ತೊಗಲಿನ ನಾರು ಬಿಸಿಗೆ ಬೆಂದು ಅಂಟಾಗುತ್ತದೆ, ಉಳಿದ ನೆಣ ಕರಗಿ ತೊಗಲಿಗೆ ಇಳಿಯುತ್ತದೆ. ಹಾಗೆ ಬೆಂದ ತೊಗಲು ಎಷ್ಟು ನೆನೆಹಾಕಿದರೂ ಮೆತ್ತಗಾಗುವುದಿಲ್ಲ.

ಪ್ರಶ್ನೆ: ಫ್ರೀಜರಿನಲ್ಲಿ ಇಡುವುದಾದರೆ ಹೇಗೆ ಕಟ್ಟಬೇಕು?

ಕೂದಲು ಹೊರಗೆ ಬರುವಂತೆ, ಒಳಮೈಗೆ ಒಳಮೈ ಸೇರಿಸಿ ಮಡಚಿ. ತಲೆ ತೊಗಲಿನೊಳಗೇ ಇದ್ದರೆ ತೊಗಲನ್ನು ತಲೆಯ ಸುತ್ತ ದಪ್ಪವಾಗಿ ಸುತ್ತಬೇಡಿ. ನಡುವಿನ ಕಾವು ಆರಲು ಒಂದೆರಡು ದಿನ ಹಿಡಿದರೆ ಒಳಗೆ ಕೊಳೆಯುತ್ತಲೇ ಇರುತ್ತದೆ. ಮೊದಲು ಫ್ರಿಜ್ಜಿನಲ್ಲಿ ಹರಡಿ ತಣಿಸಿ, ಆಮೇಲೆ ಗಾಳಿ ಹೊರಹಾಕಿ ಎರಡು ಚೀಲ ಹಾಕಿ ಕಟ್ಟಿ ಫ್ರೀಜರಿಗೆ. ಕೊಂಬು ಚೀಲ ಹರಿಯದಂತೆ ತುದಿಗಳಿಗೆ ಬಟ್ಟೆ ಸುತ್ತಿ. ಗಾಳಿ ಉಳಿದರೆ ಕಿವಿ, ತುಟಿ, ಮೂಗು ಫ್ರೀಜರಿನಲ್ಲೇ ಒಣಗುತ್ತವೆ. ಆ ಮೇಲೆ ಕಿವಿ ಮಗುಚುವುದು ಕಷ್ಟ. ಆರು ತಿಂಗಳೊಳಗೆ ಕೊಟ್ಟುಬಿಡುವುದು ಒಳ್ಳೆಯದು. ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದು ಬೇಡ.

ಪ್ರಶ್ನೆ: ಬಾತು, ಫೆಸೆಂಟ್‌ನಂಥ ಹಕ್ಕಿಗಳಿಗೂ ಇದೇ ಕ್ರಮವೇ?

ಅಲ್ಲ. ಹಕ್ಕಿಯ ಹೊಟ್ಟೆ ಬಗೆಯಬಾರದು, ತೊಗಲು ಸುಲಿಯಬಾರದು, ಉಪ್ಪೂ ಹಾಕಬಾರದು. ಇಡಿಯಾಗಿ ಹೆಪ್ಪುಗಟ್ಟಿಸಿ ಕೊಡುವುದೇ ಸರಿ. ಕುತ್ತಿಗೆ ತಿರುಚಿ ಸಾಯಿಸಿದರೆ ಅಲ್ಲಿನ ತೆಳು ತೊಗಲು ಹರಿಯುತ್ತದೆ. ಒಯ್ಯುವಾಗ ಕಾಲು ಹಿಡಿಯಿರಿ, ಕತ್ತು ಹಿಡಿದು ತೂಗಾಡಿಸಬೇಡಿ.

ಬಿದ್ದ ಕೂಡಲೇ ಗಂಟಲೊಳಗೆ ಮತ್ತು ಗುದದ್ವಾರಕ್ಕೆ ಹತ್ತಿ ತುರುಕಿ. ರಕ್ತ ಮಾತ್ರವಲ್ಲ, ಹೊಟ್ಟೆಯ ರಸವೂ ಹೊರಬಂದು ಕತ್ತಿನ ಗರಿಗಳನ್ನು ಅಂಟಾಗಿಸುತ್ತದೆ. ಛರೆ ಹೊಕ್ಕ ತೂತುಗಳಿಗೂ ಒಂದು ಚಿಟಿಕೆ ಹತ್ತಿ. ಗರಿಗೆ ತಾಗಿದ ರಕ್ತವನ್ನು ತಣ್ಣೀರಿನಿಂದ, ಗರಿ ಮಲಗಿರುವ ದಿಕ್ಕಿನಲ್ಲೇ ಒರೆಸಿ. ಪೂರ್ತಿ ಆರಿದ ಮೇಲೆ ತಲೆಯನ್ನು ರೆಕ್ಕೆಯಡಿಗೆ ಮಡಚಿ. ಹೆಂಗಸರ ನೈಲಾನ್ ಕಾಲುಚೀಲವೊಂದನ್ನು ತೆಗೆದುಕೊಂಡು, ತಲೆ ಮೊದಲಾಗಿ ಹಕ್ಕಿಯನ್ನು ಅದರೊಳಗೆ ಜಾರಿಸಿ. ಗರಿಗಳು ಒಂದರ ಮೇಲೊಂದು ನಯವಾಗಿ ಒತ್ತಿಕೊಂಡು ಕೂರುತ್ತವೆ. ಹೊರತೆಗೆಯುವಾಗ ಎಳೆಯಬೇಡಿ, ಕಾಲುಚೀಲದ ತುದಿ ಕತ್ತರಿಸಿ ತಲೆಯ ಕಡೆಯಿಂದಲೇ ಮುಂದಕ್ಕೆ ದಾಟಿಸಿ. ಕಾಲಿಗೆ, ಕೊಕ್ಕಿಗೆ ಒದ್ದೆ ಕಾಗದ ಸುತ್ತಿ. ಫ್ರೀಜರಿನಲ್ಲಿ ಮೊದಲು ಒಣಗುವುದು ಅವೇ. ಉದ್ದ ಬಾಲದ ಹಕ್ಕಿಗೆ ಬಾಲದಷ್ಟೇ ಉದ್ದದ ರಟ್ಟನ್ನು ಕೆಳಗಿಟ್ಟು ಕಟ್ಟಿ, ಮುರಿದ ಬಾಲದ ಗರಿ ನೆಟ್ಟಗಾಗುವುದು ಅಪರೂಪ.

ಹಕ್ಕಿ ಆಯ್ಕೆಯೂ ಮುಖ್ಯ. ಎದೆಯ ಗರಿಗಳನ್ನು ಬೆರಳಿನಿಂದ ಸರಿಸಿ ನೋಡಿ. ಬುಡದಲ್ಲಿ ಕಪ್ಪು ಕಡ್ಡಿಗಳಂಥ, ಇನ್ನೂ ಬಿಚ್ಚದ ಎಳೆಗರಿಗಳು ತುಂಬಿದ್ದರೆ ಆ ಹಕ್ಕಿ ಗರಿ ಬದಲಿಸುತ್ತಿದೆ ಎಂದರ್ಥ. ಅದು ಮೌಂಟ್‌ಗೆ ಬೇಡ. ಎಳೆಗರಿಗಳು ತೊಳೆಯುವಾಗ ಉದುರುತ್ತವೆ, ಅಲ್ಲಲ್ಲಿ ಬೋಳು ಉಳಿಯುತ್ತದೆ.

ಪ್ರಶ್ನೆ: ಮೊಲ, ಅಳಿಲು, ನರಿ?

ನರಿಯವರೆಗಿನ ಸಣ್ಣ ಪ್ರಾಣಿಗಳನ್ನು ಹೊಟ್ಟೆ ಬಗೆಯದೆ ಇಡಿಯಾಗಿ ಹೆಪ್ಪುಗಟ್ಟಿಸಿ. ಆದರೆ ಬೇಗ. ಕರುಳಿನ ಬಿಸಿಯಿಂದ ಹೊಟ್ಟೆಯ ತೊಗಲು ಹಸಿರಾಗಲು ಹೆಚ್ಚು ಹೊತ್ತು ಬೇಕಿಲ್ಲ, ಹಸಿರಾದರೆ ಅಲ್ಲಿನ ಕೂದಲು ಹೋಯಿತೆಂದೇ ತಿಳಿಯಿರಿ. ಮೊಲದ ತೊಗಲು ಒದ್ದೆ ಕಾಗದದಷ್ಟು ಮೆದು, ಕಲಿಯುವವರು ಮೊಲದಿಂದ ಶುರು ಮಾಡಬಾರದು. ಮೊಲಗಳಿಂದ ಟುಲರೀಮಿಯಾ ಎಂಬ ಕಾಯಿಲೆ ಕೈಯ ಸಣ್ಣ ಗಾಯದ ಮೂಲಕವೂ ತಗಲಬಹುದು. ನೈಟ್ರೈಲ್ ಕೈಗವಸು ಹಾಕದೆ ಮುಟ್ಟಬೇಡಿ.

ಪ್ರಶ್ನೆ: ಕಾಡುಹಂದಿಯ ತೊಗಲಿಗೆ ಎರಡು ಪಟ್ಟು ಉಪ್ಪು ಹಾಕಿದೆವು, ಆದರೂ ಭುಜದ ಭಾಗ ಕೊಳೆಯಿತು.

ಉಪ್ಪು ನೆಣವನ್ನು ದಾಟಿ ಹೋಗುವುದಿಲ್ಲ. ಕಾಡುಹಂದಿಯಾಗಲಿ ಕರಡಿಯಾಗಲಿ, ಮೊದಲು ನೆಣವನ್ನು ಪೂರ್ತಿ ಕೆರೆದು ತೆಗೆಯಬೇಕು. ಬಲಿತ ಗಂಡು ಹಂದಿಯ ಭುಜದಲ್ಲಿ ಇನ್ನೊಂದು ತೊಡಕಿದೆ. ಕಾದಾಟದಲ್ಲಿ ಕೋರೆಯ ಏಟು ತಡೆಯಲೆಂದು ಅಲ್ಲಿ ತೊಗಲಿನಡಿ ಬೆರಳು ದಪ್ಪದ ಗಟ್ಟಿ ಗುರಾಣಿ ಬೆಳೆದಿರುತ್ತದೆ. ನಿಮ್ಮ ತೊಗಲು ಕೆಟ್ಟಿದ್ದು ಅಲ್ಲೇ ಇರಬೇಕು. ಅದನ್ನು ಚಾಕುವಿನಿಂದ ಹೆರೆದು ತೆಳುಮಾಡಿ, ಉಳಿದದ್ದರಲ್ಲಿ ಎರಡು ಸೆಂಟಿಮೀಟರಿಗೊಂದರಂತೆ ಅಡ್ಡ ಉದ್ದ ಗೀರು ಹಾಕಿ ಉಪ್ಪು ತುಂಬಿ. ಗೀರು ಕೂದಲ ಬುಡದವರೆಗೆ ಇಳಿಯದಂತೆ ನೋಡಿಕೊಳ್ಳಿ. ಕೂದಲ ಬುಡ ಕತ್ತರಿಸಿಹೋದರೆ ಬಿರುಗೂದಲು ಹೊರಗಿನಿಂದ ಕಳಚಿ ಬರುತ್ತದೆ.

ಪ್ರಶ್ನೆ: ಕೊಂಬಿನ ಮೇಲೆ ಇನ್ನೂ ಮಖಮಲ್ಲಿನಂಥ ಚರ್ಮವಿದೆ. ಹಾಗೆಯೇ ಉಳಿಸಬಹುದೇ?

ಉಳಿಸಬಹುದು, ಆದರೆ ಅದರ ತುಂಬ ರಕ್ತನಾಳಗಳಿರುವುದರಿಂದ ತಲೆಗಿಂತ ಮೊದಲು ಕೆಡುವುದು ಅದೇ. ಕೊಂಬು ಹಿಡಿದು ಎತ್ತಬೇಡಿ, ಎಳೆಯಬೇಡಿ. ಒಂದೇ ಉಪಾಯವೆಂದರೆ ಅಂದೇ ಫ್ರೀಜರಿಗೆ ಹಾಕಿ ಟ್ಯಾಕ್ಸಿಡರ್ಮಿಸ್ಟ್ ಕೈಗೆ ಒಪ್ಪಿಸುವುದು. ಅವರು ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರಕ್ಕೆ ಹಾಕುತ್ತಾರೆ, ಇಲ್ಲವೆ ತುದಿಗಳನ್ನು ಸೀಳಿ ರಕ್ತ ಇಳಿಸಿ ಫಾರ್ಮಲಿನ್ ಚುಚ್ಚುತ್ತಾರೆ. ಫಾರ್ಮಲಿನ್ ಕ್ಯಾನ್ಸರ್‌ಕಾರಕ. ಮನೆಯಲ್ಲಿ ಅದನ್ನು ಪ್ರಯತ್ನಿಸುವುದು ಬೇಡ.

ಪ್ರಶ್ನೆ: ಬುರುಡೆಯನ್ನು ಮಾತ್ರ ಗೋಡೆಗೆ ಹಾಕಬೇಕೆಂದಿದ್ದೇನೆ. ಕುದಿಸಿ ಬ್ಲೀಚ್ ಹಾಕಿದರೆ ಸಾಕೇ?

ಎರಡೂ ತಪ್ಪು. ಕೊತಕೊತ ಕುದಿಸಿದರೆ ನೆಣ ಮೂಳೆಯೊಳಕ್ಕೆ ಇಳಿದು ವರ್ಷದೊಳಗೆ ಹಳದಿಯಾಗಿ ಜಿನುಗುತ್ತದೆ. ಮೂಗಿನೊಳಗಿನ ಕಾಗದದಂಥ ಎಲುಬುಗಳು ಕಳಚುತ್ತವೆ, ಹಲ್ಲು ಸೀಳುತ್ತದೆ. ಕ್ಲೋರಿನ್ ಬ್ಲೀಚ್ ಮೂಳೆಯನ್ನೇ ತಿನ್ನುತ್ತದೆ, ತೊಳೆದ ಮೇಲೂ ಆ ಸವೆತ ನಿಲ್ಲದೆ ಮೂಳೆ ಸುಣ್ಣದಂತೆ ಉದುರುತ್ತದೆ.

ತೊಗಲು, ಕಣ್ಣು, ನಾಲಿಗೆ, ಮಿದುಳು ತೆಗೆದು, ಆಗಾಗ ಬದಲಿಸುತ್ತ ತಣ್ಣೀರಿನಲ್ಲಿ ಒಂದೆರಡು ದಿನ ನೆನೆಸಿ ರಕ್ತ ಬಿಡಿಸಿ. ನಂತರ ಕುದಿ ಬರದಂತೆ ಸಣ್ಣ ಉರಿಯಲ್ಲಿ, ಕೊಂಬು ನೀರಿನಿಂದ ಮೇಲಿರುವಂತೆ ಕಾಯಿಸಿ. ಅರ್ಧ ಗಂಟೆಗೊಮ್ಮೆ ಹೊರತೆಗೆದು ಮೆತ್ತಗಾದ ಮಾಂಸವನ್ನು ಕೆರೆಯಿರಿ. ಆಮೇಲೆ ಪಾತ್ರೆ ತೊಳೆಯುವ ದ್ರವ ಬೆರೆಸಿದ 40 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ನೆನೆಹಾಕಿ. ನೀರು ಮಬ್ಬಾದಾಗಲೆಲ್ಲ ಬದಲಿಸಿ. ಮಬ್ಬಾಗುವುದು ನಿಂತರೆ ನೆಣ ಬಿಟ್ಟಿತೆಂದು ಅರ್ಥ. ಜಿಂಕೆಗೆ ಕೆಲವು ವಾರ, ಹಂದಿಗೆ ತಿಂಗಳುಗಳೇ ಬೇಕಾದೀತು. ಬಿಳಿಮಾಡಲು ಹೈಡ್ರೋಜನ್ ಪೆರಾಕ್ಸೈಡ್, ಶೇ 3ರಿಂದ 12ರವರೆಗಿನದು. ಕೊಂಬಿನ ಬುಡಕ್ಕೆ ಪ್ಲಾಸ್ಟಿಕ್ ಸುತ್ತಿ ಬಿಗಿದು ಒಂದೆರಡು ದಿನ ಅದ್ದಿಡಿ, ಇಲ್ಲದಿದ್ದರೆ ಕೊಂಬಿನ ಬಣ್ಣವೂ ಹೋಗುತ್ತದೆ. ನೆಣ ಬಿಡಿಸದೆ ಬಿಳಿಮಾಡಿದ ಬುರುಡೆ ಮತ್ತೆ ಹಳದಿಯಾಗುವುದು ನಿಶ್ಚಿತ. ಈ ಹಂತದಲ್ಲಿ ಬೇಸತ್ತು ಬಿಡುವವರೇ ಹೆಚ್ಚು, ತಾಳ್ಮೆ ಇರಲಿ.

ಪ್ರಶ್ನೆ: ಹದವನ್ನೂ ನಾನೇ ಮಾಡಬಹುದೇ? ಬೋರಾಕ್ಸ್ (ಬಿಳಿಗಾರ) ಉಜ್ಜಿದರೆ ಸಾಕೆಂದು ಕೇಳಿದ್ದೇನೆ.

ಸಣ್ಣ ಹಕ್ಕಿಗೆ ಬೋರಾಕ್ಸ್ ನಡೆಯುತ್ತದೆ. ಜಿಂಕೆಯಂಥ ದಪ್ಪ ತೊಗಲಿಗೆ ಅಲ್ಲ. ಬೋರಾಕ್ಸ್ ಉಜ್ಜಿದ ತೊಗಲು ಬರೀ ಒಣಗಿದ ಹಸಿತೊಗಲು, ಒಣಗುವಾಗ ಕುಗ್ಗಿ ಫಾರ್ಮಿನಿಂದ ಎದ್ದುಬರುತ್ತದೆ. ಕಣ್ಣಂಚು, ಬಾಯಂಚಿನಲ್ಲಿ ತಮಟೆಯಂತೆ ಬಿಗಿದುಕೊಂಡ ಹಳೆಯ ಮೌಂಟ್‌ಗಳ ಕಥೆ ಇದೇ.

ಮಾಡುವುದಾದರೆ ಕ್ರಮ ಹೀಗೆ: ಒಂದು ಲೀಟರ್ ನೀರಿಗೆ 120 ಗ್ರಾಂ ಉಪ್ಪಿನಂತೆ ಕರಗಿಸಿ, ಆಮೇಲೆ ಫಾರ್ಮಿಕ್‌ನಂಥ ಆಮ್ಲ ಬೆರೆಸಿ ಪಿಎಚ್ (ಆಮ್ಲೀಯತೆಯ ಅಳತೆ) 2ಕ್ಕಿಂತ ಕೆಳಗಿಳಿಸಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಪ್ಲಾಸ್ಟಿಕ್ ಬಕೆಟ್ಟೇ ಬೇಕು. ಉಪ್ಪು ಕಡಿಮೆಯಾದರೆ ಆಮ್ಲಕ್ಕೆ ತೊಗಲು ಊದಿಕೊಂಡು ನಾರು ಹಾಳಾಗುತ್ತದೆ. ಕನಿಷ್ಠ ಮೂರು ದಿನ ಅದರಲ್ಲಿಟ್ಟು, ದಿನಕ್ಕೆರಡು ಸಲ ಮಗುಚಿ, ಪಿಎಚ್ ನೋಡುತ್ತಿರಿ. ಹೊರತೆಗೆದು ಒಳಮೈಯನ್ನು ತೆಳುವಾಗಿ ಹೆರೆದು, ಮತ್ತೆ ಒಂದು ದಿನ ಅದೇ ನೀರಿಗೆ. ಬಳಿಕ ಲೀಟರಿಗೆ 7 ಗ್ರಾಮಿನಂತೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ 15ರಿಂದ 20 ನಿಮಿಷ ಆಡಿಸಿ ಆಮ್ಲ ತಣಿಸಿ, ತೊಳೆದು, ನೀರು ಬಸಿದ ಮೇಲೆ ಹದದ ದ್ರಾವಣ. ಅಲ್ಲಿಂದ ಮುಂದೆ ನೀವು ಕೊಂಡ ಹದದ್ರವ್ಯದ ಸೂಚನೆಯನ್ನೇ ಪಾಲಿಸಿ. ಮೊದಲ ಪ್ರಯೋಗ ನಿಮಗೆ ಬೇಕಾದ ತೊಗಲಿನ ಮೇಲೆ ಆಗದಿರಲಿ.

ಪ್ರಶ್ನೆ: ಬಹಳ ಹಳೆಯ ಮೌಂಟ್ ಒಂದಿದೆ, ಧೂಳು ಹಿಡಿದಿದೆ. ಬ್ರಷ್ ಹಾಕಿ ಉಜ್ಜಬಹುದೇ?

ಉಜ್ಜಬೇಡಿ. 18ನೇ ಶತಮಾನದಲ್ಲಿ ಫ್ರಾನ್ಸಿನ ಮೆಟ್ಜ್ ಪಟ್ಟಣದ ಔಷಧಿಕಾರ ಜೀನ್ ಬ್ಯಾಪ್ಟಿಸ್ಟ್ ಬೆಕೂರ್ ಆರ್ಸೆನಿಕ್ ಎಂಬ ವಿಷ ಬೆರೆಸಿದ ಸಾಬೂನು ಕಂಡುಹಿಡಿದ. ಹುಳು ಹಿಡಿಯದಂತೆ ತೊಗಲಿನ ಒಳಮೈಗೆ ಅದನ್ನು ಸವರುವ ಪದ್ಧತಿ 20ನೇ ಶತಮಾನದಲ್ಲೂ ಬಹಳ ಕಾಲ ನಡೆಯಿತು. ಆರ್ಸೆನಿಕ್ ಕಾಲಕ್ಕೆ ಕರಗುವುದಿಲ್ಲ. ಹೊಲಿಗೆಯ ಬಳಿ, ಕಣ್ಣಂಚಿನಲ್ಲಿ ಬಿಳಿ ಪುಡಿ ಕಂಡರೆ ಅನುಮಾನ ಪಡಿ, ಕಾಣದಿದ್ದರೂ ಇಲ್ಲವೆನ್ನಲಾಗದು. ಕೈಗವಸು, ಮಾಸ್ಕ್ ಹಾಕಿಕೊಂಡೇ ಮುಟ್ಟಿ, ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮಿನಿಂದ ಮಾತ್ರ ಧೂಳು ತೆಗೆಯಿರಿ, ಮಕ್ಕಳ ಕೈಗೆಟುಕದಂತೆ ಇಡಿ.

ಪ್ರಶ್ನೆ: ತೊಗಲಿನ ಜೊತೆ ಟ್ಯಾಕ್ಸಿಡರ್ಮಿಸ್ಟ್‌ಗೆ ಇನ್ನೇನು ಕೊಡಬೇಕು?

ಅಳತೆ. ಸುಲಿದ ಮೇಲೆ, ತೊಗಲಿಲ್ಲದ ಮೈಯ ಮೇಲೆ ಟೇಪ್ ಹಿಡಿದು ತೆಗೆದ ಅಳತೆ: ಮೂಗಿನ ತುದಿಯಿಂದ ಕಣ್ಣಿನ ಮುಂಮೂಲೆಗೆ, ಮೂಗಿನ ತುದಿಯಿಂದ ಬುರುಡೆಯ ಹಿಂತುದಿಗೆ, ಕುತ್ತಿಗೆಯ ಸುತ್ತಳತೆ ಕಿವಿಯ ಹಿಂದೆ, ನಡುವೆ, ಭುಜಕ್ಕೆ ಸೇರುವಲ್ಲಿ. ಫಾರ್ಮ್ ಆರಿಸುವುದು ಇದರಿಂದಲೇ. ಸುಲಿದ ತೊಗಲು ಎಳೆದತ್ತ ಹಿಗ್ಗುತ್ತದೆ, ಅದನ್ನು ಅಳೆದರೆ ಪ್ರಾಣಿಗಿಂತ ದೊಡ್ಡ ಫಾರ್ಮ್ ಬರುತ್ತದೆ. ಸುಲಿಯುವ ಮೊದಲು ಮುಖದ ಫೋಟೊಗಳನ್ನು ಎದುರಿನಿಂದ, ಎರಡೂ ಪಕ್ಕದಿಂದ ತೆಗೆದಿಡಿ. ಕಣ್ಣಿನ ಸುತ್ತಲಿನ, ಮೂಗಿನ ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲ.

ಪರವಾನಗಿಯ ಪ್ರತಿ ಮತ್ತು ಟ್ಯಾಗ್ ತೊಗಲಿನ ಜೊತೆಗೇ ಇರಬೇಕು. ಗಡಿ ದಾಟಿಸುವುದಾದರೆ ಆ ಪ್ರಾಣಿ ಸೈಟಿಸ್ ಒಪ್ಪಂದದ (ಅಳಿವಿನ ಅಪಾಯವಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆಯೇ ಎಂದು ಬೇಟೆಗೆ ಹೊರಡುವ ಮೊದಲೇ ನೋಡಿ. ಜಿಂಕೆ ಜಾತಿಯದಾದರೆ ಇನ್ನೊಂದು ಮಾತಿದೆ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಪ್ರಯಾನ್ (ವಿಕಾರಗೊಂಡ ಪ್ರೋಟೀನ್) ಕಾಯಿಲೆ 1967ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಮೊದಲು ಕಂಡಿತು, 2016ರಲ್ಲಿ ನಾರ್ವೆಯ ಕಾಡು ಹಿಮಸಾರಂಗದಲ್ಲೂ ಪತ್ತೆಯಾಯಿತು. ಅದರ ಅಂಶ ಹೆಚ್ಚಾಗಿ ಮಿದುಳು, ಬೆನ್ನುಹುರಿಯಲ್ಲಿ ಇರುವುದರಿಂದ ಅಮೆರಿಕದ ಹಲವು ರಾಜ್ಯಗಳಲ್ಲಿ ಇಡೀ ತಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ನಿರ್ಬಂಧವಿದೆ. ತೊಗಲು, ಮತ್ತು ಕೊಂಬಿನ ಜೊತೆ ಶುಚಿಮಾಡಿದ ಬುರುಡೆಯ ಮೇಲ್ಭಾಗವನ್ನು ಸಾಮಾನ್ಯವಾಗಿ ಬಿಡುತ್ತಾರೆ. ಅಂಥ ಕಡೆ ತಲೆಯನ್ನು ತೊಗಲಿನೊಳಗೇ ಬಿಟ್ಟು ಕೊಡುವ ಕ್ರಮ ನಡೆಯದು. ಮೇಲೆ ಹೇಳಿದಂತೆ ತಲೆಯ ತೊಗಲನ್ನು ಸ್ಥಳದಲ್ಲೇ ಬಿಡಿಸಿ, ಕಣ್ಣುಕುಳಿಯ ನಡುವಿನಿಂದ ಬುರುಡೆಯ ಹಿಂಭಾಗದವರೆಗೆ ಗರಗಸದಲ್ಲಿ ಅಡ್ಡ ಕೊಯ್ದು, ಮಿದುಳಿನ ಅಂಶವನ್ನೆಲ್ಲ ಕೆರೆದು ತೊಳೆದು, ಕೊಂಬುಗಳನ್ನು ಹಿಡಿದಿರುವ ಆ ಮೇಲ್ಭಾಗವನ್ನಷ್ಟೇ ತೊಗಲಿನ ಜೊತೆ ಒಯ್ಯಬೇಕು.